ಅಂಜೂರದ ಬುಡಕ್ಕೆ ಬಿಟ್ಟ ನೀರು

ದೇವದುರ್ಗ
16 ಫೆಬ್ರವರಿ 2025, ರವಿವಾರ

ತಾಯಿ ಸುನಂದಾ,

ನಿನ್ನ ಮಾವ ಗಡಿಗೆಪ್ಪನ ಆಶೀರ್ವಾದಗಳು. ಆರೋಗ್ಯ ಹೇಗಿದೆ? ಮಾನ್ವಿಯ ತವರಿಗೆ ಹೋದ ಮೇಲೆ ನಿನ್ನ ತಲೆನೋವು ಕಡಿಮೆಯಾಯಿತೋ ಇಲ್ಲವೋ ಎಂದು ನಿನ್ನತ್ತೆ ದಿನಕ್ಕೊಮ್ಮೆಯಾದರೂ ಕೇಳುತ್ತಾಳೆ, ನನಗೇನೋ ಗೊತ್ತಿರುವ ಹಾಗೆ. ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಬೇಡ, ನಡುನಡುವೆ ಕೂತುಕೋ. ನಿನ್ನತ್ತೆಯ ಮೊಣಕಾಲು ನೋವು ಹಾಗೇ ಇದೆ. ನಾನು ಗಟ್ಟಿಯಾಗಿದ್ದೇನೆ. ಫೋನ್ ಮಾಡಬಹುದಿತ್ತು, ಎರಡು ಸಲ ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ಮುಂದೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಈ ಕಾಗದ.

ತೋಟದ ಸುದ್ದಿ ಹೇಳುತ್ತೇನೆ. ನೀನು ಹೋದರೆ ಗಿಡದಲ್ಲಿ ಕಾಯಿ ನಿಲ್ಲುತ್ತವೆ ಅಂದಿದ್ದೆನಲ್ಲ, ನಿಲ್ಲಲಿಲ್ಲ. ಈ ಸಲ ಹೆಬ್ಬೆರಳಿನಷ್ಟು ಆಗುವಷ್ಟರಲ್ಲಿ ಹಳದಿಗೆ ತಿರುಗಿ ಉದುರಿದವು, ಹೋದ ವರ್ಷಕ್ಕಿಂತ ಹೆಚ್ಚು. ಬೆಳಿಗ್ಗೆ ಹೋದರೆ ನೆಲದ ತುಂಬ ಕಾಯಿ, ತುಳಿದರೆ ಬಿಳಿ ಹಾಲು. ಎರಡು ಸಲ ಔಷಧ ಹೊಡೆಸಿದೆ. ಉಪಯೋಗವಾಗಲಿಲ್ಲ. ಕಡೆಗೆ ಕಳೆದ ತಿಂಗಳು ರಾಯಚೂರಿನಿಂದ ಅಮೀರ್ ಸಾಬ್ ಅವರನ್ನು ಕರೆಸಿದೆ. ನಮ್ಮ ಉದಯಕುಮಾರ ಬದುಕಿದ್ದಾಗ ಈ ಅಂಜೂರದ ಸಸಿಗಳನ್ನು ಕೊಟ್ಟವರು ಅವರೇ, ನಿನಗೆ ನೆನಪಿರಬೇಕು.

ಅವರು ಎಲೆಯನ್ನೂ ಕಾಯಿಯನ್ನೂ ಮುಟ್ಟಲಿಲ್ಲ. ಸಲಿಕೆ ಕೇಳಿ ಬುಡ ಅಗೆದರು. ಎರೆಮಣ್ಣು ಕೆಸರಾಗಿತ್ತು, ಬೇರು ಕಪ್ಪಗಾಗಿ ಚರಂಡಿಯಂತೆ ನಾರುತ್ತಿತ್ತು. ನೀರು ನಿಂತ ಬುಡದಲ್ಲಿ ಬೇರಿಗೆ ಉಸಿರಾಡಲು ಆಗುವುದಿಲ್ಲವಂತೆ, ಗಿಡ ತನ್ನ ಜೀವ ಉಳಿಸಿಕೊಳ್ಳಲು ಕಾಯಿಯನ್ನು ಬಿಟ್ಟುಕೊಡುತ್ತದಂತೆ. ಆಮೇಲೆ ಕೇಳಿದರು, "ಇಷ್ಟು ನೀರು ಬಿಡೋರು ಯಾರ್ರೀ?" ಹಿಂದೆ ನಿಂತಿದ್ದ ನಿನ್ನತ್ತೆ ಹೇಳಿದಳು: "ಇವ್ರರೀ. ದಿನಾ ಸಂಜಿಕ ಸೊಸಿ ತ್ವಾಟದಿಂದ ಮನಿಗೆ ಹೋದಮ್ಯಾಲೆ ಗಿಡಕ್ಕ ಕಾಲಿವಿ ನೀರು ತಿರುವತಿದ್ರು." ಅವಳಿಗೆ ಗೊತ್ತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ಹೆದರಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳಂತೆ.

ಹೌದು ತಾಯಿ. ಉದಯ ತೀರಿಕೊಂಡ ಮೇಲೆ ಅವನು ಹೇಳಿಕೊಟ್ಟ ಹಾಗೆಯೇ ನೀನು ಪೈಪಿನಿಂದ ಹನಿಹನಿಯಾಗಿ ನೀರು ಕೊಡುತ್ತಿದ್ದೆ. ನನ್ನ ಮಗ ನೆಟ್ಟ ಗಿಡ ಬಾಯಾರಿ ಸಾಯುತ್ತವೆಂದು ನನಗೆ ಸಂಕಟ. ಜೀವಮಾನವೆಲ್ಲ ಭತ್ತ ಬೆಳೆದವನು; ನೆಲದ ಮೇಲೆ ನೀರು ನಿಂತು ಹೊಳೆದರೇ ನನಗೆ ಸಮಾಧಾನ. "ಮಾವಾರ, ಬುಡ ಯಾಕ ಇಷ್ಟು ಹಸಿ ಅದರೀ?" ಎಂದು ನೀನೊಮ್ಮೆ ಕೇಳಿದಾಗ, ಪಕ್ಕದ ರಾಮಲಿಂಗಪ್ಪನ ಗದ್ದೆಯ ಬಸಿ ನೀರು ಎಂದೆ. ಅದು ಸುಳ್ಳು.

ಆ ಸುಳ್ಳು ಹೇಳಿದವನೇ ಹೋದ ವರ್ಷ ಜನವರಿಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ತೋಟದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ನಿನಗೆ ಹಾಗೆ ಅಂದೆ: "ಗಂಡ ಸತ್ತಾಕಿ ಕೈ ತಾಗಿ ಕಾಯಿ ಉದುರಾಕತ್ತಾವ. ನಾಳಿಂದ ತ್ವಾಟಕ್ಕ ಬರಬ್ಯಾಡ." ನೀನು ಮುರಿದ ಸಜ್ಜೆ ರೊಟ್ಟಿಯನ್ನು ಹಾಗೇ ಇಟ್ಟು ಕೈ ತೊಳೆದುಕೊಂಡೆ. ಮರುದಿನ ಸಿರವಾರದ ಬಸ್ಸು ಹತ್ತುವಾಗಲೂ ನನಗೆ ನಮಸ್ಕಾರ ಮಾಡಿಯೇ ಹೋದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ನಮ್ಮಲ್ಲಿ ಸೂತಕವಿಲ್ಲ ಎಂದು ಮಠದಲ್ಲಿ ಕೂತು ಊರಿಗೆಲ್ಲ ಹೇಳುವವನು ನಾನು. ಮನೆಯ ಮಗಳಿಗೆ ಮಾತ್ರ ಆ ಮಾತು ಆಡಿದೆ.

ಆ ದಿನ ಊಟಕ್ಕೆ ಕೂತಿದ್ದವರ ಮನೆಮನೆಗೂ ಹೋಗಿ, ತಪ್ಪು ಸುನಂದಾಳದಲ್ಲ, ನನ್ನದು ಎಂದು ಹೇಳಿ ಬಂದಿದ್ದೇನೆ. ರಾಮಲಿಂಗಪ್ಪ ಹೋಗಲಿ ಬಿಡ್ರಿ ಅಂದ. ಕಳೆ ತೆಗೆಯಲು ಬರುವ ಗೋಪಮ್ಮ ಮಾತ್ರ ಹಾಗನ್ನಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು: "ನಮಗ ಹೇಳಿದ್ರಿ. ಸುನಂದವ್ವಗ ಹೇಳೀರೇನ್ರೀ?" ಇಲ್ಲ ಎಂದೆ. ಮನೆಗೆ ಬಂದು ಈ ಕಾಗದ ಶುರು ಮಾಡಿದೆ. ಮುಗಿಸಲು ಒಂಬತ್ತು ದಿನ ಹಿಡಿಯಿತು.

ಮೂವತ್ತೊಂದು ಗಿಡ ಬೇರು ಕೊಳೆತು ಹೋದವು, ಕಿತ್ತು ಹಾಕಿಸಿದೆ. ಉಳಿದವುಗಳ ಸುತ್ತ ಬಸಿಗಾಲುವೆ ತೋಡಿಸಿದ್ದೇನೆ. ಬದುಕಿದರೆ ಬದುಕಲಿ. ಬಾ ಎಂದು ಕರೆಯುವ ಮುಖ ನನಗಿಲ್ಲ. ಕ್ಷಮಿಸು ಎಂದು ಕೇಳುತ್ತೇನೆ, ಅಷ್ಟೇ. ಕ್ಷಮಿಸದಿದ್ದರೂ ನಿನ್ನ ಮೇಲೆ ನನ್ನದೇನೂ ದೂರಿಲ್ಲ.

ನಿನ್ನಣ್ಣ ಕೊಟ್ರೇಶನಿಗೂ ಅವನ ಮಕ್ಕಳಿಗೂ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಾವ,
ಗಡಿಗೆಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿದದ್ದು. ಕಲ್ಲೂರಿನ ಮೇಷ್ಟ್ರು ನಿನ್ನನ್ನು ಮದುವೆಯಾಗಲು ಕೇಳಿದ್ದಾರೆಂದೂ, ನೀನು ನಮ್ಮ ಒಪ್ಪಿಗೆಯಿಲ್ಲದೆ ಮುಂದುವರಿಯಲಾರೆ ಅಂದೆಯೆಂದೂ ಕೊಟ್ರೇಶ ದೀಪಾವಳಿಯಲ್ಲೇ ಹೇಳಿ ಕಳಿಸಿದ್ದ. ನಾನು ಇಷ್ಟು ದಿನ ಉತ್ತರ ಕೊಡಲಿಲ್ಲ. ಒಪ್ಪಿಗೆ ಕೊಡಲು ನಾನು ಯಾರು? ನಿನಗೆ ಮನಸ್ಸಿದ್ದರೆ ಮಾಡಿಕೋ ತಾಯಿ. ತೋಟ ಉದಯನ ಪಾಲಿನದು. ಮದುವೆಯಾದರೂ ಅದು ನಿನ್ನದೇ, ಕಾಗದಪತ್ರ ನಾನೇ ಮಾಡಿಸುತ್ತೇನೆ. ಉಡಿ ತುಂಬಲು ನಿನ್ನತ್ತೆ ಬರುತ್ತಾಳೆ. ನಾನು ಬರಬೇಕೋ ಬೇಡವೋ, ನೀನೇ ಹೇಳಿ ಕಳಿಸು.