ಎಲ್ಲಾ ಕಟ್ಟಾಯ್ತಾ?

ಅಣ್ಣನಿಗೆ,

ನಾನು ಬದುಕಿದ್ದೇನೆ. ನೀನು ಹಳೆ ಬಸ್ಸಿನೊಳಗೆ ಕಟ್ಟಿಕೊಟ್ಟ ಮನೆಗೂ ಏನೂ ಆಗಿಲ್ಲ, ಮುಂದಿನ ಗಾಜು ಮಾತ್ರ ಹೋಗಿದೆ. ಅದೇ ಅಳತೆಯ ಇನ್ನೊಂದನ್ನು ಬೇಗ ಕಳಿಸಿಕೊಡು.

ನಾವು ಗಂಡ ಹೆಂಡತಿ ಈ ಬಸ್ಸಿನಲ್ಲಿ ಹೊರಟ ದಿನ ನೀನು ಒಂದೇ ಪಾಠ ಹೇಳಿದ್ದೆ: "ಚಕ್ರ ಉರುಳೋಕೆ ಮುಂಚೆ 'ಎಲ್ಲಾ ಕಟ್ಟಾಯ್ತಾ?' ಅಂತ ಕೂಗು. ಕಟ್ಟದೇ ಇದ್ದಿದ್ದು ಬ್ರೇಕ್ ಹಾಕಿದ ತಕ್ಷಣ ಹಾರ್ಕೊಂಡು ಬರುತ್ತೆ." ಪಾತ್ರೆ, ಬಕೆಟ್ಟು, ಸಿಲಿಂಡರು ಎಲ್ಲವನ್ನೂ ದಿನಾ ಕಟ್ಟಿದ್ದೇನೆ. ಎರಡನೇ ವಾರ ನಮ್ಮ ಯಜಮಾನರು ನನ್ನ ಬೆರಳುಗಳನ್ನು ಕಪಾಟಿನ ಬಾಗಿಲಿಗೆ ಸಿಕ್ಕಿಸಿ ಮುರಿದ ಮೇಲೂ ಒಂದೇ ಕೈಯಲ್ಲಿ ಕಟ್ಟಿದ್ದೇನೆ.

ಮೊನ್ನೆ ಇಳಿಜಾರಿನಲ್ಲಿ ನಾನೇ ಓಡಿಸುತ್ತಿದ್ದೆ. ತಿರುಗಬೇಕಾದ ಕಡೆ ತಿರುಗಲಿಲ್ಲವೆಂದು ಇವರು ಜಾಕಿಯ ರಾಡು ಹಿಡಿದು ಹಿಂದಿನಿಂದ ಬಂದರು. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ತಲೆಗೇ ಎಂದು ಕನ್ನಡಿಯಲ್ಲಿ ಗೊತ್ತಾಯಿತು.

"ರೀ, ಎಲ್ಲಾ ಕಟ್ಟಾಯ್ತಾ?" ಎಂದು ಕೂಗಿದೆ.

"ಬಾಯ್ಮುಚ್ಚೇ!" ಅಂದರು.

ನಾನು ಬೆಲ್ಟು ಹಾಕಿಕೊಂಡಿದ್ದೆ. ಎರಡೂ ಕಾಲಲ್ಲಿ ಬ್ರೇಕು ತುಳಿದೆ.

ಇವರು ಗಾಜು ಒಡೆದುಕೊಂಡು ರಸ್ತೆಗೆ ಬಿದ್ದರು. ಎರಡೂ ತೊಡೆಮೂಳೆ ಮುರಿದಿವೆ, ದವಡೆಗೆ ತಂತಿ ಹಾಕಿದ್ದಾರೆ. ಆಸ್ಪತ್ರೆಗೆ ಸೇರಿಸಿದ್ದೂ ನಾನೇ. ಪೊಲೀಸರಿಗೆ ನಾಯಿ ಅಡ್ಡ ಬಂತು ಅಂದಿದ್ದೇನೆ. ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.

ಮೂರು ತಿಂಗಳಲ್ಲಿ ಎದ್ದು ಓಡಾಡುತ್ತಾರಂತೆ. ಗಾಜು ಅದಕ್ಕೂ ಮುಂಚೆ ಬರಲಿ, ಅಣ್ಣ. ಬಸ್ಸಿನಲ್ಲಿ ಕಟ್ಟಬೇಕಾದದ್ದನ್ನೆಲ್ಲ ಕಟ್ಟಿಯಾಗಿದೆ. ನಾನು ಹೊರಡುವುದೊಂದೇ ಬಾಕಿ.

ನಿನ್ನ ತಂಗಿ