ಕುಂಬಳದ ಬೀಜದ ಬಾಟಲಿ

ಪ್ರೀತಿಯ ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನಾಲ್ಕು ವರ್ಷ ಹಳೆಯ ಕುಂಬಳದ ಬೀಜ ಒಂದೂ ಹುಸಿ ಹೋಗದೆ ಮೊಳಕೆಯೊಡೆಯಿತೆಂದು ಮೊನ್ನೆ ಬಂದಿದ್ದ ಅಣ್ಣ ಹೇಳಿದ. "ಎಲ್ಲಾ ನಮ್ಮ ಸೊಸೆ ಕೈಗುಣ ಕಣ್ರೀ" ಅಂತ ನೀನು ಬೀದಿಗೆಲ್ಲ ಸಾರುತ್ತಿದ್ದೀಯಂತೆ. ಸಂತೋಷ.

ಆ ಬೀಜದ ಲೋಳೆ ತೊಳೆದು, ನೆರಳಲ್ಲಿ ಹರಡಿ, ಬಗ್ಗಿಸಿದರೆ ಪಟಕ್ಕನೆ ಮುರಿಯುವಷ್ಟು ಒಣಗಿಸಿದವಳು ಯಾರು? ಬೂದಿ ಬೆರೆಸಿ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಮೇಣ ಹಚ್ಚಿ, ಮಂಚದ ಕೆಳಗೆ ಕತ್ತಲಲ್ಲಿಟ್ಟು ಮದುವೆಯಾಗಿ ಹೊರಟವಳು ಯಾರು? ಅತ್ತಿಗೆ ಮಾಡಿದ್ದು ಮಣ್ಣಿಗೆ ಹಾಕಿ ನೀರು ಚಿಮುಕಿಸಿದ್ದು. ಅಷ್ಟನ್ನು ಮಳೆಯೂ ಮಾಡುತ್ತದೆ.

ಉಳಿದ ಬೀಜವಿರುವ ಆ ಬಾಟಲಿಯನ್ನು ಅತ್ತಿಗೆ ಬಂದವರಿಗೆಲ್ಲ ತೆರೆದು ತೋರಿಸುತ್ತಾರಂತೆ. ತೇವ ಹೊಕ್ಕರೆ ಬೀಜ ಸತ್ತುಹೋಗುತ್ತದೆ. ಮುಂದಿನ ಸಲ ಅಣ್ಣ ಬರುವಾಗ ಅದನ್ನು ನನಗೆ ಕಳಿಸಿಬಿಡು.

ಕನ್ನಡಕ ಹುಡುಕಲು ಬೇಜಾರಾಗಿ ನೀನು ಈ ಕಾಗದವನ್ನೂ ಅತ್ತಿಗೆಯ ಕೈಯಲ್ಲೇ ಓದಿಸುತ್ತೀಯ, ನನಗೆ ಗೊತ್ತು. ಅತ್ತಿಗೆ, "ಒಣಗಿಸಿದವಳು ಯಾರು" ಎಂಬಲ್ಲಿ ನಿಮ್ಮ ದನಿ ತಗ್ಗಿದ್ದರೆ, ಆ ಭಾಗವನ್ನು ಅಮ್ಮನಿಗೆ ಇನ್ನೊಮ್ಮೆ ಗಟ್ಟಿಯಾಗಿ ಓದಿ ಹೇಳಿ.

ಇಂತಿ,
ಒಣಗಿಸಿದವಳು