ಗುಡ್ಡದ ಆಚೆ ಮಗ್ಗುಲಿನ ಪರ

ಜುಲೈ 20, ಭಾನುವಾರ. ಬೆಳಿಗ್ಗೆ

ಶೂ ಒಳಗೆ ಬಸವನಹುಳು. ಕೊಡವಿದರೂ ಬೀಳಲಿಲ್ಲ. ಬೆರಳಿನಿಂದ ಬಿಡಿಸಿ ಸೀಬೆ ಗಿಡದ ಬುಡಕ್ಕೆ ಬಿಟ್ಟೆ. ಸೋನೆ ನಿಂತಿಲ್ಲ. ಗುಡ್ಡ ಕಾಣುತ್ತಿಲ್ಲ — ಅದು ಇರಬೇಕಾದ ಕಡೆ ಬರೀ ಬೂದಿ ಬಣ್ಣ.

ಅನುಶ್ರೀ ಮೆಸೇಜು: 'ಜ್ವರ ಕಣೆ, ಬರಕ್ಕಾಗಲ್ಲ, ಸಾರಿ.' ಹಾಸನಕ್ಕೆ ಹೋಗುವ ಮುಂಚೆ ಒಂದು ದಿನ ಪೂರ್ತಿ ಗುಡ್ಡ ಸುತ್ತೋಣ ಅಂದವಳು ಅವಳೇ. ಎಂ.ಎ. ಮುಗಿಯುವವರೆಗೂ ಒಂದೇ ಬೆಂಚು. ಈ ಶುಕ್ರವಾರದಿಂದ ಒಂದೇ ಕೋಚಿಂಗು, ಒಂದೇ ರೂಮು. ಕಿಟಕಿ ಪಕ್ಕದ ಮಂಚ ಯಾರಿಗೆ ಅಂತ ಈಗಲೇ ಜಗಳ.

ಅಮ್ಮ: "ಒಬ್ಳೇ ಓಗ್ಬ್ಯಾಡ ಕಣವ್ವಾ. ಮಳೇಲಿ ಉಸುಬು ಕಾಣಕ್ಕಿಲ್ಲ."

ಅಪ್ಪ: "ಒಬ್ಳೇ ಎಲ್ಲಿ? ಇಬ್ರು ಗಾರ್ಡ್‌ಗಳು ಓಯ್ತಾವ್ರಲ್ಲ."

ಗಾರ್ಡುಗಳೆಂದರೆ ನಮ್ಮ ನಾಯಿಗಳು. ಕರಿಯ, ಜಾಕಿ.

ಮಧ್ಯಾಹ್ನ. ನೆತ್ತಿಯ ಬಂಡೆಯ ಮರೆಯಲ್ಲಿ, ಫೋನಿನಲ್ಲಿ ಬರೆದದ್ದು

ಹುಲ್ಲೆಲ್ಲ ನೀರು ಕುಡಿದು ಊದಿದೆ. ನೆಲ ಅಂದುಕೊಂಡ ಕಡೆ ನೆಲವಿಲ್ಲ, ಕಾಲು ಎಳೆದುಕೊಳ್ಳುವ ಉಸುಬು. ಬಲಗಾಲು ಮೊಣಕಾಲವರೆಗೆ ಹೂತಿತು. ಎಳೆದರೆ ಕೆಳಗಿನಿಂದ ಯಾರೋ ಚಪ್ಪರಿಸಿದ ಸದ್ದು. ಆಮೇಲೆ ಕರಿಯ ಕಾಲಿಟ್ಟಲ್ಲೇ ಕಾಲಿಟ್ಟು ಬಂದೆ. ಅವನು ಮೂಸಿ, ನಿಂತು, ತಿರುಗಿ ನೋಡುತ್ತಾನೆ. ಜಾಕಿಗೆ ಬುದ್ಧಿಯಿಲ್ಲ, ಕಂಡ ಹೊಂಡಕ್ಕೆಲ್ಲ ಬೀಳುತ್ತಾನೆ.

ಬಿಸಿಲಿದ್ದರೆ ಇಲ್ಲಿಂದ ಕಾವೇರಿ ಕಾಣುತ್ತದೆ. ಇವತ್ತು ಕೈ ಚಾಚಿದರೆ ಬೆರಳೇ ಮಸುಕು. ಭಯವಿಲ್ಲ. ಯಾರ ಹತ್ತಿರವೂ ಮಾತಾಡಬೇಕಾಗಿಲ್ಲ, ಅದೇ ಸುಖ. ಅನುಶ್ರೀಗೆ ಫೋಟೋ ಕಳಿಸೋಣವೆಂದರೆ ಸಿಗ್ನಲ್ ಇಲ್ಲ. ಜ್ವರ ಇಳಿಯಿತೋ ಏನೋ.

ಕರಿಯ ಮೂಗು ಎತ್ತಿದ. ಜಾಕಿಯೂ. ಆಚೆ ಮಗ್ಗುಲಿಗೆ... ಅಯ್ಯೋ, ಓಡಿದವು —

ಸಂಜೆ. ಮನೆ

ನಾಯಿಗಳ ಹಿಂದೆ ಜಾರುತ್ತ ಇಳಿದೆ. ಅರ್ಧ ದಾರಿಯಲ್ಲಿ ನನಗೂ ವಾಸನೆ ಬಂತು — ಬಾಡಿನ ಸಾರು. ಮುನೇಶ್ವರನ ಕಲ್ಲಿನ ಹತ್ತಿರ ನೀಲಿ ಟಾರ್ಪಾಲು, ಕಾರುಗಳು. ಯಾರದೋ ಪರ. ಶ್ರಾವಣ ಹುಟ್ಟುವ ಮೊದಲು ಮರಿ ಕಡಿದು, ನೆಂಟರು ಸ್ನೇಹಿತರನ್ನೆಲ್ಲ ಕರೆದು, ಅಲ್ಲೇ ಉಂಡು ಮುಗಿಸಬೇಕು. ದಾರಿಯಲ್ಲಿ ಬಂದವರನ್ನೂ ಉಣ್ಣಿಸದೆ ಕಳಿಸುವಂತಿಲ್ಲ.

"ಯಾರ್ದ್ಲಾ ಈ ನಾಯ್ಗಳು? ತಪ್ಲೆಗೇ ಬಾಯಾಕ್ತಾವಲ್ಲ!"

ಸೌಟು ಹಿಡಿದು ಬಂದವರು ಕೆಂಪಣ್ಣ. ಅನುಶ್ರೀಯ ಅಪ್ಪ. ನನ್ನನ್ನು ನೋಡಿ ನಕ್ಕರು. "ಓಹೋ, ತೇಜಶ್ರೀ! ಬಾಡಿನ್ ವಾಸ್ನೆಗೆ ಜ್ವರ ಬಿಟ್ಟೋಯ್ತೇನವ್ವಾ?"

ನನಗೆ ಜ್ವರ?

ಅವಳ ಅಮ್ಮ ಜಯಲಕ್ಷ್ಮಮ್ಮ ಎಲೆ ಹಾಕಿಸಿದರು. "ತೇಜುನ ಕರಿಯೇ ಕರಿಯೇ ಅಂತ ಬಡ್ಕೊಂಡೆ ಕಣವ್ವಾ. ಅವ್ಳು ಜ್ವರ ಬಂದು ಮಲಗವ್ಳೆ ಅಂದ್ಬುಟ್ಳು ಇವ್ಳು."

ಅನುಶ್ರೀ ಸಾಲಿನ ತುದಿಯಲ್ಲಿ ಮುದ್ದೆ ಬಡಿಸುತ್ತಿದ್ದಳು. ಹೊಸ ಚೂಡಿದಾರ. ತಲೆ ಎತ್ತಲಿಲ್ಲ. ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದವರು ಸುದರ್ಶನ್ ತಾಯಿ — ಅನುಶ್ರೀಗೆ ಗೊತ್ತು ಮಾಡಿರುವ ಹುಡುಗ ಸುದರ್ಶನ್. ಮದುವೆ ಮುಂದಿನ ಬೇಸಗೆಗೆ.

"ಯಾರಮ್ಮಾ ಈ ಹುಡ್ಗಿ? ಫ್ರೆಂಡಾ?"

"ಅಲ್ಲ ಆಂಟಿ. ನಮ್ಮ ಶುಂಠಿ ಹೊಲಕ್ಕೆ ಮಾದಮ್ಮ ಅಂತ ಕೂಲಿಗೆ ಬರ್ತಿದ್ರು. ಅವ್ರ ಮಗಳು."

ಮುದ್ದೆ ಹಾಕಿ ಮುಂದಿನ ಎಲೆಗೆ ಹೋದಳು.

ಸುದರ್ಶನ್ ತಾಯಿ ಸರಿದು ಕೂತರು. ಒಂದು ಗೇಣು, ಅಷ್ಟೇ. ಗೇಣೂ ನನಗೆ ಕಾಣುತ್ತದೆ, ಅದೇ ಕಷ್ಟ. ಅಮ್ಮ ಕೂಲಿಗೆ ಹೋಗುತ್ತಿದ್ದದ್ದು ನಿಜ. ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ನನ್ನನ್ನು ಮುಚ್ಚಿಡಲು ಅವಳು ನನ್ನ ಅಮ್ಮನನ್ನೇ ಬಳಸಿದಳು. ಸಂಕ್ರಾಂತಿಗೆ ಬಂದು ಅದೇ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಹೇನು ನೋಡಿಸಿಕೊಂಡವಳು.

ಪರದ ಎಲೆ, ಬಿಟ್ಟು ಏಳುವಂತಿಲ್ಲ. ಮುದ್ದೆ ಪೂರ್ತಿ ನುಂಗಿದೆ. ನಾಯಿಗಳು ಮೂಳೆ ಬಿಟ್ಟು ಬರಲಿಲ್ಲ. ಒಬ್ಬಳೇ ಗುಡ್ಡ ಹತ್ತಿದೆ. ಉಸುಬಿನ ಹತ್ತಿರ ಬಂದಾಗ ಹಿಂದೆ ಕರಿಯನ ಏದುಸಿರು. ಅಲ್ಲೇ ಕೂತು ಅತ್ತೆ. ಅವನು ಮೈ ಕೊಡವಿ ನನ್ನ ಮೇಲೆಲ್ಲ ಕೆಸರು ಹಾರಿಸಿದ.

ಜುಲೈ 23, ಬುಧವಾರ

ಜಾಕಿ ನೆನ್ನೆ ಬಂದ. ಹೊಟ್ಟೆ ಉಬ್ಬಿಸಿಕೊಂಡು.

ಇವತ್ತು ಅನುಶ್ರೀ ಸ್ಕೂಟಿಯಲ್ಲಿ ಬಂದಳು. ಯಾವತ್ತಿನ ಹಾಗೆ ಅಮ್ಮನ ಕೈಯ ಕಾಫಿ ಕುಡಿದಳು. ಅಮ್ಮ ಹಿತ್ತಲಿಗೆ ಹೋದ ಮೇಲೆ —

"ಬೇಜಾರಾ? ಸುದರ್ಶನ್ ಮನೆಯವ್ರು ಒಂಥರಾ ಜನ ಕಣೆ. ಮದ್ವೆ ಆಗ್ಲಿ, ಆಮೇಲೆ ಹೇಳ್ತೀನಿ ನೀನು ನನ್ ಫ್ರೆಂಡು ಅಂತ. ರೂಮಿಗೆ ಅವ್ರು ಬಂದ್ರೆ ನೀನು ಸ್ವಲ್ಪ ಲೈಬ್ರರಿ ಕಡೆ ಹೋಗಿರು. ಅಷ್ಟೆ. ಶುಕ್ರವಾರ ಕೊಣನೂರಲ್ಲಿ ಫಸ್ಟ್ ಬಸ್ಸಿಗೆ ಕಾಯ್ತಿರ್ತೀನಿ. ಬಾ, ಆಯ್ತಾ?"

"ಹ್ಞೂಂ" ಅಂದೆ. ಇನ್ನೇನು ಅನ್ನಬೇಕೋ ನನಗೆ ಯಾವಾಗಲೂ ಆಮೇಲೆ ಹೊಳೆಯುತ್ತದೆ.

ಅವಳು ಹೋದ ಮೇಲೆ ಶೋಭಿತಾಗೆ ಫೋನು. ಚಿಕ್ಕಪ್ಪನ ಮಗಳು, ಹಾಸನದಲ್ಲಿ ನರ್ಸು.

"ನನ್ ರೂಮಲ್ಲಿ ಮಂಚ ಒಂದೇ. ನೆಲದ್ ಮೇಲೆ ಮಲಗ್ತೀಯಾ?"

"ಮಲಗ್ತೀನಿ."

"ಗೊರಕೆ ಹೊಡೀತೀನಿ ಕಣೇ ನಾನು."

"ಹೊಡಿ."

ನಾಳೆಯೇ ಹೊರಡುತ್ತೇನೆ. ಅಮಾವಾಸ್ಯೆ ದಿನ ಬೇಡ ಅಂತ ಅಮ್ಮ ಗೊಣಗುತ್ತಿದ್ದಾಳೆ. ಗೊಣಗಲಿ. ಪರದಲ್ಲಿ ನಡೆದದ್ದನ್ನು ಅವಳಿಗೆ ಹೇಳುವುದಿಲ್ಲ. ಅನುಶ್ರೀಗೂ ಏನೂ ಹೇಳುವುದಿಲ್ಲ. ಶುಕ್ರವಾರ ಬಸ್ಸು ಬರುತ್ತದೆ, ಅವಳು ಫೋನು ಮಾಡುತ್ತಾಳೆ. ನಾನು ಆಗ ಶೋಭಿತಾಳ ರೂಮಿನ ನೆಲದ ಮೇಲೆ ಮಲಗಿರುತ್ತೇನೆ, ಫೋನು ಎತ್ತುವುದಿಲ್ಲ.